ಗುಡ್ಡಕ್ಕೆ ಸಸಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ನೀರು ಹಾಕುವ ಹುಡುಗರಿಗೆ ಕೂಲಿ ಕೊಡುವವರು ಯಾರು?

ಗುಡ್ಡದ ಓಣಿ, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಓಣಿ ಮುಗಿಯುವಲ್ಲಿ ಗುಡ್ಡ ಶುರು. ಮೇಲೆಲ್ಲ ಹಾಸುಬಂಡೆ. ಬಂಡೆ ಸಂದಿಯಲ್ಲಿ ಸೀತಾಫಲ, ಬಂದರಿಕೆ. ಬುಡದಲ್ಲಿ ನಾಲ್ಕಾರು ಬೇವು, ಒಂದು ಹಳೇ ಹುಣಸೆ. ಉಳಿದದ್ದೆಲ್ಲ ಜಾಲಿ. ಕಾರಂಜಿ, ಉಯ್ಯಾಲೆ ಇರುವ ಪಾರ್ಕ್ ಅಲ್ಲ ಇದು. ಆದರೆ ಬಳ್ಳಾರಿಯಂಥ ಊರಿಗೆ ತಾನಾಗಿ ಸಿಕ್ಕಿರುವ ಪಾರ್ಕ್ ಅಂದರೆ ಈ ಗುಡ್ಡಗಳೇ ಅಲ್ವಾ? ಬೆಳಿಗ್ಗೆ ಐದೂವರೆಗೆ ಎದ್ದರೆ ಈಗಲೂ ನವಿಲು ಕೂಗುವುದು ಕೇಳುತ್ತದೆ.

ನಾಲ್ಕು ವರ್ಷದ ಹಿಂದೆ ಜೂನ್ 5ರಂದು ಒಂದು ಸಂಸ್ಥೆಯವರು ಬಂದು 160 ಸಸಿ ನೆಡಿಸಿದರು. ಬ್ಯಾನರ್ ಇತ್ತು, ಟೀ ಶರ್ಟ್ ಇತ್ತು, ಶಾಲೆ ಮಕ್ಕಳಿದ್ದರು. ಮರುದಿನದಿಂದ ಯಾರೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಜೂನ್ ಮಳೆ ನಂಬುವ ಹಾಗಿಲ್ಲ, ನಮಗೆ ಗಟ್ಟಿಯಾಗಿ ಮಳೆ ಬರುವುದು ಸೆಪ್ಟೆಂಬರ್‌ನಲ್ಲಿ, ಇದು ನಮ್ಮ ರೈತರೆಲ್ಲರಿಗೂ ಗೊತ್ತು. ಮುಂದಿನ ಏಪ್ರಿಲ್‌ಗೆ ಎಣಿಸಿದಾಗ 23 ಸಸಿ ಉಳಿದಿದ್ದವು.

ಆಮೇಲೆ ನಾವು ಓಣಿಯವರೇ ಸೇರಿ ಆಗಸ್ಟ್ ಕೊನೆಗೆ 60 ಸಸಿ ನೆಟ್ಟೆವು. ಸುತ್ತ ಕಲ್ಲು ಜೋಡಿಸಿ, ಇಳಿಜಾರಿನ ಕಡೆ ಅರ್ಧಚಂದ್ರದ ಹಾಗೆ ಮಣ್ಣಿನ ಒಡ್ಡು ಕಟ್ಟಿದೆವು. 15 ಮನೆಯವರು ತಿಂಗಳಿಗೆ 200 ರೂಪಾಯಿ ಹಾಕಿ, 3,000 ಕೊಟ್ಟು ಒಬ್ಬ ಹುಡುಗನನ್ನು ನೀರು ಹಾಕಲು ಇಟ್ಟೆವು. ವಾರಕ್ಕೆ ಮೂರು ದಿನ ಬರುತ್ತಿದ್ದ. ಬೇಸಿಗೆ ದಾಟಿದ ಮೇಲೆ 47 ಬದುಕಿದ್ದವು. ಅದೇ ಮಣ್ಣು, ಅದೇ ಬಿಸಿಲು. ನೆಟ್ಟ ಹೊತ್ತು, ಕಲ್ಲು ಒಡ್ಡು ಬಿಟ್ಟರೆ ವ್ಯತ್ಯಾಸ ಆ ಹುಡುಗ ಒಬ್ಬನೇ.

ಈಗ ಒಂದೊಂದೇ ಮನೆ ದುಡ್ಡು ಕೊಡುವುದು ಬಿಟ್ಟಿತು. ಯಾರನ್ನೂ ದೂರುವುದಿಲ್ಲ, ಎಲ್ಲರದ್ದೂ ಕಷ್ಟ ಇದೆ. ಹುಡುಗ ಜೀನ್ಸ್ ಹೊಲಿಯುವ ಯೂನಿಟ್‌ಗೆ ವಾಪಸ್ ಹೋದ. ಈ ಬೇಸಿಗೆಗೆ ಯಾರೂ ಇಲ್ಲ. ಸಸಿ ಬೇಕಾ ಅಂತ ಮಾತ್ರ ಈಗಾಗಲೇ ಮೂರು ಕಡೆಯಿಂದ ಫೋನ್ ಬಂದಿದೆ.

ನಾನು ಕೇಳುವುದು ಇಷ್ಟೇ. ಸಸಿಗೆ ಅಲ್ಲ, ನೋಡಿಕೊಳ್ಳುವ ಕೈಗೆ ದುಡ್ಡು ಎಲ್ಲಿಂದ ತರಬಹುದು? ಒಂದು ಸಲದ್ದಲ್ಲ, ಮೂರು ವರ್ಷದ್ದು. ನಗರಪಾಲಿಕೆ, ಕಂಪನಿಗಳ ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ಕೊಡುವ ದುಡ್ಡು), ಜಿಲ್ಲಾ ಖನಿಜ ಪ್ರತಿಷ್ಠಾನ, ಎಲ್ಲ ಯೋಚನೆ ಮಾಡಿದ್ದೇನೆ, ಆದರೆ ದಾರಿ ಗೊತ್ತಿಲ್ಲ. ಗೊತ್ತಿರುವವರು ಹೇಳಿ.


ಎನ್‌ಎಸ್‌ಎಸ್ ಮೇಷ್ಟ್ರು:

ನಾನು ಕಾಲೇಜಿನಲ್ಲಿ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ನೋಡಿಕೊಳ್ಳುತ್ತೇನೆ. 1969ರಿಂದ ಇರುವ ಯೋಜನೆ. ಒಬ್ಬ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಏಳು ದಿನದ ಶಿಬಿರ ಬೇರೆ. ಅಂದರೆ ಕೈಗಳಿಗೆ ಕೊರತೆ ಇಲ್ಲ. ನಿಮ್ಮ ಗುಡ್ಡಕ್ಕೆ ಭಾನುವಾರ 40 ಮಕ್ಕಳನ್ನು ಕರೆದುಕೊಂಡು ಬರಬಲ್ಲೆ.

ಆದರೆ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಪರೀಕ್ಷೆ, ಆಮೇಲೆ ರಜೆ. ಗಿಡಕ್ಕೆ ನೀರು ಬೇಕಾಗುವುದು ಸರಿಯಾಗಿ ಅದೇ ಹೊತ್ತಿಗೆ. ಹಾಗಾಗಿ ಬರೀ ವಿದ್ಯಾರ್ಥಿಗಳನ್ನು ನಂಬಿದರೆ ಗುಡ್ಡ ಉಳಿಯುವುದಿಲ್ಲ. ಇನ್ನೊಂದು, ಬಂದ ಮಕ್ಕಳಿಗೆ ಇವತ್ತು ಏನು ಕೆಲಸ, ಹಾರೆ ಎಲ್ಲಿದೆ, ನೀರು ಎಲ್ಲಿದೆ ಅಂತ ಹೇಳುವವರು ಒಬ್ಬರು ಇರಬೇಕು. ನನ್ನ ಅನುಭವದಲ್ಲಿ ಆ ಒಬ್ಬರು ಇಲ್ಲದಿದ್ದರೆ ಮಕ್ಕಳು ಅರ್ಧ ಗಂಟೆ ಪ್ಲಾಸ್ಟಿಕ್ ಆರಿಸಿ, ಫೋಟೋ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಎರಡನೇ ವಾರ ಬರುವುದಿಲ್ಲ. ಹೆಣ್ಣುಮಕ್ಕಳಿಗೆ ಹತ್ತಿರದಲ್ಲಿ ಶೌಚಾಲಯ ಇದೆಯಾ ಅನ್ನುವುದನ್ನೂ ಮೊದಲೇ ನೋಡಿ. ಅದಿಲ್ಲದಿದ್ದರೆ ನಾನು ಹುಡುಗಿಯರನ್ನು ಕಳಿಸುವುದಿಲ್ಲ.


ಕೌಲ್‌ಬಜಾರ್ ಹುಡುಗ:

ಅಣ್ಣ, ನನ್ನ ಮಾತು ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನೂ ಜೀನ್ಸ್ ಯೂನಿಟ್‌ನಲ್ಲೇ ಇದ್ದೇನೆ. ಪೀಸ್ ಲೆಕ್ಕದಲ್ಲಿ ದುಡ್ಡು. ಒಂದು ಭಾನುವಾರ ಗುಡ್ಡಕ್ಕೆ ಬಂದರೆ ಆ ದಿನದ ದುಡಿಮೆ ಹೋಯಿತು. ನಮ್ಮ ಓಣಿಯಲ್ಲಿ ಗುಡ್ಡದ ಒಂದೊಂದು ಬಂಡೆ ಗೊತ್ತಿರುವ ಹುಡುಗರು ಎಷ್ಟು ಜನ ಇದ್ದಾರೆ. ಸಣ್ಣವರಿದ್ದಾಗಿಂದ ಸೀತಾಫಲ ಕೀಳಲು ಹತ್ತಿದ್ದೇವೆ, ಯಾವ ಸಂದಿಯಲ್ಲಿ ಹಾವು ಇರುತ್ತದೆ ಅನ್ನುವುದೂ ಗೊತ್ತು. ಪುಕ್ಕಟೆ ಬನ್ನಿ ಅಂದರೆ ಮನೆಯಲ್ಲಿ ಅನುಕೂಲ ಇರುವವರ ಮಕ್ಕಳು ಮಾತ್ರ ಬರುತ್ತಾರೆ. ಅವರಿಗೆ ಸರ್ಟಿಫಿಕೇಟ್ ಸಿಗುತ್ತದೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಅರ್ಧ ದಿನದ ಕೂಲಿ ಕೊಡಿ, ನಾನು ಇನ್ನೂ ಮೂವರನ್ನು ಕರೆದುಕೊಂಡು ಬರುತ್ತೇನೆ. ಮಧ್ಯಾಹ್ನದಿಂದ ಹೊಲಿಯಲು ಹೋಗುತ್ತೇವೆ.


ಗುಡ್ಡದ ಓಣಿ, ಬಳ್ಳಾರಿ:

ತಮ್ಮಾ, ತಪ್ಪು ತಿಳಿಯುವುದೇನಿದೆ, ನನಗೆ ಬೇಕಾಗಿದ್ದು ಇದೇ ಮಾತು. ಸೇವೆ ಅಂದರೆ ದುಡ್ಡಿಲ್ಲದೆ ಮಾಡುವುದು ಅಂತ ನಾವು ಅಂದುಕೊಂಡಿದ್ದೇವೆ. ಒಂದು ದಿನದ ಸೇವೆ ಹಾಗೆ ಆಗಬಹುದು. ಮೂರು ಬೇಸಿಗೆ ಆಗುವುದಿಲ್ಲ.


ಬೇರು ಕಾಂಡ:

ಸಸ್ಯಶಾಸ್ತ್ರ ಓದಿಸುತ್ತೇನೆ, ಜಾಲಿ ಬಗ್ಗೆ ಹೇಳಬೇಕಾದ್ದು ಇದೆ.

ರಾಜ್ಯದ ಎಷ್ಟೋ ಕಡೆ ಇದಕ್ಕೆ ಬಳ್ಳಾರಿ ಜಾಲಿ ಅನ್ನುತ್ತಾರೆ. ನಮ್ಮ ಊರಿನ ಹೆಸರು ಹೊತ್ತಿದೆ, ಆದರೆ ನಮ್ಮದಲ್ಲ. ಅಮೆರಿಕ ಖಂಡದ ಗಿಡ. 1877ರ ಸುಮಾರಿಗೆ, ದೊಡ್ಡ ಬರದ ಕಾಲದಲ್ಲಿ, ಅದರ ಬೀಜ ತರಿಸಿ ಮದ್ರಾಸ್ ಪ್ರಾಂತ್ಯದ ಒಣ ಸೀಮೆಯಲ್ಲಿ ಹಾಕಿದರು. ಸೌದೆಗೆ ಅಂತ ತಂದದ್ದು. ಸೌದೆ ಕೊಟ್ಟಿದೆ, ಸುಳ್ಳಲ್ಲ. ಇವತ್ತಿಗೂ ಎಷ್ಟೋ ಮನೆಯ ಒಲೆ ಅದರಿಂದಲೇ ಉರಿಯುತ್ತದೆ. ಆದರೆ ಒಮ್ಮೆ ಹಬ್ಬಿದ ಕಡೆ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯಲು ಬಿಡುವುದಿಲ್ಲ. ಕಾಯಿ ಸಿಹಿ, ದನ ಕುರಿ ತಿನ್ನುತ್ತವೆ, ಬೀಜ ಸಗಣಿ ಹಿಕ್ಕೆಯಲ್ಲಿ ಹೊರಗೆ ಬಂದು ಇನ್ನೊಂದು ಕಡೆ ಮೊಳೆಯುತ್ತದೆ.

ಇದನ್ನು ಕಡಿದರೆ ಪ್ರಯೋಜನ ಇಲ್ಲ. ಬುಡದಿಂದ ಹತ್ತು ಚಿಗುರು ಬಂದು ಮೊದಲಿಗಿಂತ ದಟ್ಟವಾಗುತ್ತದೆ. ಎಷ್ಟೋ ಶ್ರಮದಾನ ಹೀಗೆ ಹಾಳಾಗಿದೆ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಬುಡದ ಸುತ್ತ ಅಗೆದು, ಚಿಗುರು ಒಡೆಯುವ ಗಂಟಿನ ಕೆಳಗೆ ಬೇರು ಕತ್ತರಿಸಿ ಕೀಳಬೇಕು. ಸಣ್ಣ ಗಿಡ ಪಿಕಾಸಿಯಲ್ಲಿ ಬರುತ್ತದೆ, ದೊಡ್ಡದಕ್ಕೆ ಇಬ್ಬರು ಮೂವರು ಬೇಕು. ಕಿತ್ತ ಜಾಗಕ್ಕೆ ಮುಂದಿನ ಎರಡು ಮೂರು ಮಳೆಗಾಲ ಹೋಗಿ ಹೊಸ ಮೊಳಕೆ ಕೀಳುತ್ತಿರಬೇಕು. ಮುಳ್ಳು ಚುಚ್ಚಿದರೆ ಬಾತುಕೊಳ್ಳುತ್ತದೆ, ಚಪ್ಪಲಿ ಹಾಕಿಕೊಂಡು ಬಂದವರನ್ನು ವಾಪಸ್ ಕಳಿಸಿ. 18 ತುಂಬದ ಮಕ್ಕಳ ಕೈಗೆ ಕೊಡಲಿ ಮಚ್ಚು ಬೇಡ. ಅವರಿಗೆ ಬೀಜ ಆರಿಸುವುದು, ಕಲ್ಲು ಜೋಡಿಸುವುದು, ಗಿಡ ಎಣಿಸಿ ಬರೆಯುವುದು, ಇಂಥ ಕೆಲಸ ಬೇಕಾದಷ್ಟಿದೆ.

ನೆಡುವುದಾದರೆ ತುಗ್ಗಲಿ, ಮುತ್ತುಗ, ಕಮರ, ಬೇವು, ಕಕ್ಕೆ, ಬೋರೆ. ಬಂಡೆ ಹತ್ತಿರ ಬಂದರಿಕೆ, ಆವರಿಕೆ ತಾವೇ ಬರುತ್ತವೆ, ಅವುಗಳಿಗೆ ಜಾಗ ಬಿಟ್ಟರೆ ಸಾಕು.


ಬಳ್ಳಾರಿಯಿಂದ ಸಿಯಾಟಲ್:

ಕೋಟೆ ಏರಿಯಾದಲ್ಲಿ ಬೆಳೆದವನು, ಈಗ ಅಮೆರಿಕದ ಸಿಯಾಟಲ್‌ನಲ್ಲಿದ್ದೇನೆ. ಇಲ್ಲಿ ಮಳೆಯ ಊರು, ಕಾಡಿನ ಪಾರ್ಕ್‌ಗಳು. ನಮ್ಮ ಗುಡ್ಡಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಆದರೆ ಕಾಟ ಒಂದೇ. ಅಲ್ಲಿ ಜಾಲಿ, ಇಲ್ಲಿ ಐವಿ ಬಳ್ಳಿ ಮತ್ತು ಹಿಮಾಲಯನ್ ಬ್ಲ್ಯಾಕ್‌ಬೆರಿ. ಐವಿ ಮರ ಹತ್ತಿ ಮರವನ್ನೇ ಬೀಳಿಸುತ್ತದೆ.

2004ರಲ್ಲಿ ಇಲ್ಲಿನ ನಗರಾಡಳಿತ ಒಂದು ಭೂಸಂರಕ್ಷಣೆ ಸಂಸ್ಥೆಯ ಜೊತೆ ಸೇರಿ ಗ್ರೀನ್ ಸಿಯಾಟಲ್ ಪಾರ್ಟ್‌ನರ್‌ಶಿಪ್ ಶುರು ಮಾಡಿತು. 20 ವರ್ಷದಲ್ಲಿ 2,500 ಎಕರೆ ಸರಿಪಡಿಸಬೇಕು ಅಂತ ಗುರಿ. ನಾನೂ ಶನಿವಾರ ಹೋಗುತ್ತೇನೆ. ಅವರು ಪ್ರತಿ ಜಾಗದ ಕೆಲಸವನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲು ಕಳೆ ಕೀಳುವುದು, ಆಮೇಲೆ ನೆಡುವುದು, ಆಮೇಲೆ ನೆಟ್ಟದ್ದು ಬೇರೂರುವವರೆಗೆ ನೀರು ಮತ್ತು ಕಳೆ, ಕೊನೆಗೆ ಕಾಯಂ ನಿಗಾ. ನೋಡಿ, ನಾಲ್ಕರಲ್ಲಿ ನೆಡುವುದು ಒಂದೇ ಒಂದು. ನಮ್ಮಲ್ಲಿ ಅದೊಂದಕ್ಕೇ ದುಡ್ಡು ಕೊಡುತ್ತಾರೆ.

ಇಲ್ಲಿ ಫಾರೆಸ್ಟ್ ಸ್ಟೂವರ್ಡ್ ಅಂತ ಇರುತ್ತಾರೆ. ಸ್ವಯಂಸೇವಕರೇ, ಆದರೆ ತರಬೇತಿ ಪಡೆದವರು, ಒಂದೊಂದು ಪಾರ್ಕ್‌ನ ಹೊಣೆ ಅವರದ್ದು. ಅವರ ಬೆನ್ನಿಗೆ ಸಂಬಳದ ಸಿಬ್ಬಂದಿ ಇದ್ದಾರೆ. ಯುವಕರಿಗೆ ಸಂಬಳ ಕೊಟ್ಟು ಕೆಲಸ ಕಲಿಸುವ ತಂಡವೂ ಇದೆ. 2014ರಲ್ಲಿ ಜನ ಮತ ಹಾಕಿ ಪಾರ್ಕ್‌ಗಳಿಗೇ ಬೇರೆ ಆಡಳಿತ ಘಟಕ (ಪಾರ್ಕ್ ಡಿಸ್ಟ್ರಿಕ್ಟ್) ಮಾಡಿಕೊಂಡರು, ಆಸ್ತಿ ತೆರಿಗೆಯಿಂದ ಅದಕ್ಕೆ ದುಡ್ಡು ಬರುತ್ತದೆ. ನಮ್ಮಲ್ಲಿ ಅದು ಆಗದ ಮಾತು ಅಂತ ಗೊತ್ತು. ಆದರೆ ಒಂದು ಅಭ್ಯಾಸ ನಾಳೆಯಿಂದಲೇ ಶುರು ಮಾಡಬಹುದು. ಇಲ್ಲಿ ಸ್ವಯಂಸೇವಕರ ಒಂದೊಂದು ಗಂಟೆಯನ್ನೂ ಬರೆದಿಡುತ್ತಾರೆ. ಅನುದಾನ ಕೇಳುವಾಗ ಆ ಗಂಟೆಗಳಿಗೆ ಬೆಲೆ ಕಟ್ಟಿ, ನಮ್ಮ ಪಾಲು ಇಷ್ಟು ಅಂತ ತೋರಿಸುತ್ತಾರೆ. ಒಂದು ರಿಜಿಸ್ಟರ್ ಇಡಿ ಅಣ್ಣ.


ಸಂಡೂರಿನಾಕೆ:

ಒಂದು ವಿಷಯಕ್ಕೆ ನನ್ನ ವಿರೋಧ ಇದೆ. ಖನಿಜ ಪ್ರತಿಷ್ಠಾನದ ಹೆಸರು ಬರೆದಿದ್ದೀರಲ್ಲ, ಆ ದುಡ್ಡು ಎಲ್ಲಿಂದ ಬರುತ್ತದೆ ನೆನಪಿಟ್ಟುಕೊಳ್ಳಿ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಹಳೇ ಗಣಿಗಳವರು ರಾಯಲ್ಟಿಯ (ಅದಿರಿಗೆ ಸರ್ಕಾರಕ್ಕೆ ಕಟ್ಟುವ ಹಣ) 30%, ಹರಾಜಿನಲ್ಲಿ ಪಡೆದವರು 10% ಅದಕ್ಕೆ ಕಟ್ಟುತ್ತಾರೆ. ಗಣಿಯಿಂದ ತೊಂದರೆ ಆದ ಊರುಗಳಿಗಾಗಿ ಮಾಡಿದ ನಿಧಿ. ಪರಿಸರ ಕೆಲಸವೂ ಅದರ ಆದ್ಯತೆ ಪಟ್ಟಿಯಲ್ಲಿದೆ, ನಿಜ. ಆದರೆ ಕೆಂಪು ದೂಳು ಕುಡಿದವರು ನಾವು. ನಮ್ಮೂರಲ್ಲಿ ತೊಳೆದು ಒಣಗಿಸಿದ ಬಟ್ಟೆ ಸಂಜೆಗೆ ಕೆಂಪಾಗಿರುತ್ತಿತ್ತು. ಎಷ್ಟೋ ಹಳ್ಳಿಗೆ ಇನ್ನೂ ಒಳ್ಳೆ ನೀರಿಲ್ಲ. ಆ ದುಡ್ಡಲ್ಲಿ ನಗರದ ವಾಕಿಂಗ್ ಗುಡ್ಡ ಚೆಂದ ಮಾಡುತ್ತೀರಾ?

ನಿಮ್ಮ ಕೆಲಸ ಒಳ್ಳೆಯದೇ. ಕಂಪನಿಗಳನ್ನು ಕೇಳಿ, ಪಾಲಿಕೆಯನ್ನು ಕೇಳಿ. ಅದರ ಬದಲು ಒಂದು ಮಾಡಬಹುದು. ಸಸಿಗಳನ್ನು ನಮ್ಮ ಕಡೆಯ ಸ್ವಸಹಾಯ ಸಂಘದ ಹೆಂಗಸರಿಂದ ಕೊಂಡುಕೊಳ್ಳಿ. ನಮ್ಮ ಕಾಡಿನಲ್ಲಿ ಮೇಲೆ ಹೇಳಿದ ಮರಗಳ ಬೀಜ ಸಿಗುತ್ತದೆ. ಒಂದು ವರ್ಷ ಮೊದಲೇ ಹೇಳಿದರೆ ದೊಡ್ಡ ಚೀಲದಲ್ಲಿ ಬೆಳೆಸಿ ಕೊಡುತ್ತಾರೆ.


ಗುಡ್ಡದ ಓಣಿ, ಬಳ್ಳಾರಿ:

ಅಕ್ಕಾ, ನಾನು ಆ ದಿಕ್ಕಿನಲ್ಲಿ ಯೋಚನೆ ಮಾಡಿರಲಿಲ್ಲ. ಒಪ್ಪಿದೆ. ಖನಿಜ ನಿಧಿಯನ್ನು ಪಟ್ಟಿಯಿಂದ ತೆಗೆದೆ. ಸಸಿ ನಿಮ್ಮ ಕಡೆಯಿಂದಲೇ ತರೋಣ.


ಕುರಿ ಹಟ್ಟಿ:

ನೀವೆಲ್ಲ ಮಾತಾಡುತ್ತಿರುವ ಗುಡ್ಡದಲ್ಲಿ ನಮ್ಮಪ್ಪ 30 ವರ್ಷದಿಂದ ಕುರಿ ಮೇಯಿಸುತ್ತಿದ್ದಾರೆ. ಇಲ್ಲಿ ಇಷ್ಟು ಜನ ಬರೆದಿರಿ, ಯಾರೂ ನಮ್ಮನ್ನು ಕೇಳಿಲ್ಲ. ತಂತಿ ಬೇಲಿ ಹಾಕಿದರೆ ಕುರಿ ಎಲ್ಲಿಗೆ ಹೊಡೆಯಬೇಕು? ಬೇಸಿಗೆಯಲ್ಲಿ ಹುಲ್ಲು ಇರುವುದಿಲ್ಲ, ಕುರಿ ಬದುಕುವುದು ಜಾಲಿ ಕಾಯಿಯ ಮೇಲೆ. ಒಂದೇ ಸಲ ಎಲ್ಲ ಜಾಲಿ ಕಿತ್ತರೆ ನಮಗೂ ಕಷ್ಟ, ಸೌದೆಗೆ ಬರುವ ಹೆಂಗಸರಿಗೂ ಕಷ್ಟ.

ವಿರೋಧ ಮಾಡುತ್ತಿಲ್ಲ. ಪಟ್ಟಿ ಪಟ್ಟಿಯಾಗಿ ತೆಗೆಯಿರಿ. ಈ ವರ್ಷ ಒಂದು ಕಡೆ, ಅಲ್ಲಿ ಗಿಡ ಕುರಿ ಬಾಯಿಗೆ ಸಿಗದಷ್ಟು ಎತ್ತರ ಆದ ಮೇಲೆ ಇನ್ನೊಂದು ಕಡೆ. ಆ ಪಟ್ಟಿಗೆ ಕುರಿ ಬಿಡುವುದಿಲ್ಲ ಅಂತ ನಾವೇ ಮಾತು ಕೊಡುತ್ತೇವೆ. ಕಾವಲಿಗೆ ಯಾರನ್ನೋ ಇಡುವ ಬದಲು ನಮ್ಮಪ್ಪನಂಥವರಿಗೆ ಆ ದುಡ್ಡು ಕೊಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಒಣ ಹುಲ್ಲಿಗೆ ಬೆಂಕಿ ಬಿದ್ದಾಗ ಮೊದಲು ನೋಡುವವರೂ ಅವರೇ.


ಲೆಕ್ಕದ ಅಕ್ಕ:

ನಾನು ಸಂಘ ಸಂಸ್ಥೆಗಳ ಲೆಕ್ಕಪತ್ರ ಮಾಡುತ್ತೇನೆ. ಇಲ್ಲಿವರೆಗೆ ಓದಿ ಒಂದು ಲೆಕ್ಕ ಹಾಕಿದೆ. 5 ಎಕರೆ ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 2 ಹೆಕ್ಟೇರ್.

ಅರ್ಧ ದಿನದ ಕೆಲಸಕ್ಕೆ ನಾಲ್ಕು ಯುವಕರು, ತಲಾ ತಿಂಗಳಿಗೆ 6,000. ವರ್ಷಕ್ಕೆ 2,88,000. ಮೇಷ್ಟ್ರು ಹೇಳಿದ ಆ ಒಬ್ಬ ಉಸ್ತುವಾರಿಗೆ ತಿಂಗಳಿಗೆ 15,000, ವರ್ಷಕ್ಕೆ 1,80,000. ಬೇಸಿಗೆ ಐದು ತಿಂಗಳು ವಾರಕ್ಕೆ ಮೂರು ಟ್ಯಾಂಕರ್, ಒಂದಕ್ಕೆ 700ರಂತೆ 46,200. ಹಾರೆ, ಪಿಕಾಸಿ, ಗ್ಲೌಸ್, ಬೂಟು, ಪ್ರಥಮ ಚಿಕಿತ್ಸೆ, ಅಪಘಾತ ವಿಮೆ ಎಲ್ಲ ಸೇರಿ 40,000. ವರ್ಷದಲ್ಲಿ 40 ಭಾನುವಾರ 40 ಮಕ್ಕಳಿಗೆ ವಗ್ಗಾಣಿ, ಮಿರ್ಚಿ, ಚಹಾ, ತಲೆಗೆ 30ರಂತೆ 48,000. ಸಸಿ 500, ಸಾಗಾಟ ಸೇರಿ 10,000. ಒಟ್ಟು 6,12,200. ಇದರಲ್ಲಿ ಸಸಿಯ ಪಾಲು 2% ಕೂಡ ಇಲ್ಲ ನೋಡಿ. ದಾನಿಗಳು ಕೊಡಲು ತಯಾರಿರುವುದು ಆ 2% ಮಾತ್ರ. ಈ ಕಾಗದ ಒಂದನ್ನು ಅವರ ಮುಂದೆ ಇಡಿ, ಮಾತು ಬದಲಾಗುತ್ತದೆ.

ಇನ್ನು ದಾರಿ. ಕಂಪನಿ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಿಎಸ್‌ಆರ್‌ಗೆ ಕೊಡಬೇಕು. ಪರಿಸರ ಅದರ ಪಟ್ಟಿಯಲ್ಲಿದೆ. ನಮ್ಮ ಜಿಲ್ಲೆಯಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇದೆ, ದೋಣಿಮಲೈನಲ್ಲಿ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿ ಇದೆ. ಮುಖ್ಯವಾದ ಮಾತು, ನಿಯಮದಲ್ಲಿ ಚಾಲ್ತಿ ಯೋಜನೆ ಅಂತ ಒಂದು ಬಗೆ ಇದೆ. ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದವರೆಗೆ ನಡೆಸಬಹುದು. ನಿಮಗೆ ಬೇಕಾದ್ದು ಅದೇ. ನೆಡುವ ವರ್ಷ ಒಂದು, ನೋಡಿಕೊಳ್ಳುವ ವರ್ಷ ಮೂರು. ಅರ್ಜಿಯಲ್ಲಿ ಹಾಗೇ ಬರೆಯಿರಿ.

ಆದರೆ ಓಣಿಯ ಗುಂಪಿಗೆ ಕಂಪನಿ ನೇರವಾಗಿ ಕೊಡುವ ಹಾಗಿಲ್ಲ. ಸಂಘ ನೋಂದಣಿ ಆಗಿರಬೇಕು, ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು, ಅಂಥದ್ದೇ ಕೆಲಸ ಮಾಡಿದ ಮೂರು ವರ್ಷದ ಅನುಭವ ತೋರಿಸಬೇಕು. ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಮಾಡಬಹುದು, ಅದನ್ನು ಈಗಲೇ ಮಾಡಿ. ಮೂರು ವರ್ಷ ಆಗುವವರೆಗೆ ಈಗಾಗಲೇ ಇವೆಲ್ಲ ಇರುವ ಒಂದು ಒಳ್ಳೆ ಸಂಸ್ಥೆಯ ಕೆಳಗೆ ಕೆಲಸ ಮಾಡಿ.

ಎಲ್ಲಕ್ಕಿಂತ ಮೊದಲು ಪಹಣಿ ತೆಗೆಸಿ. ಸರ್ವೆ ನಂಬರ್ ಯಾರ ಹೆಸರಲ್ಲಿದೆ? ಕಂದಾಯದ್ದಾ, ಅರಣ್ಯದ್ದಾ, ಪಾಲಿಕೆಯದ್ದಾ? ಕೋಟೆ ಗುಡ್ಡದ ಕಡೆ ಆದರೆ ಪುರಾತತ್ವ ಇಲಾಖೆಯನ್ನು ಕೇಳದೆ ಒಂದು ಗುಂಡಿಯನ್ನೂ ತೋಡಬೇಡಿ. ಜಾಲಿ ಸೌದೆ ಮಾರಿ ದುಡ್ಡು ಮಾಡೋಣ ಅಂತ ಯಾರಾದರೂ ಹೇಳಬಹುದು. ಸರ್ಕಾರಿ ಜಾಗದ ಸೌದೆ ನಿಮ್ಮದಲ್ಲ, ಅನುಮತಿ ಇಲ್ಲದೆ ಮುಟ್ಟಿದರೆ ಮಾಡಿದ ಕೆಲಸವೆಲ್ಲ ಕೇಸಿನಲ್ಲಿ ಮುಗಿಯುತ್ತದೆ. ಜಾಗ ಅರಣ್ಯದ್ದು ಅಥವಾ ಪಾಲಿಕೆಯದ್ದು ಆದರೆ ನಗರ ವನ ಯೋಜನೆ ಬಗ್ಗೆಯೂ ವಿಚಾರಿಸಿ. 2020ರಲ್ಲಿ ಕೇಂದ್ರ ಶುರು ಮಾಡಿದ್ದು, ಹೆಕ್ಟೇರಿಗೆ 4 ಲಕ್ಷದ ಲೆಕ್ಕ, 1ರಿಂದ 10 ಹೆಕ್ಟೇರಿನ ಸಣ್ಣ ಜಾಗಕ್ಕೆ ನಗರ ವಾಟಿಕಾ ಅಂತ ಹೆಸರು.


ಕೊಪ್ಪಳದಿಂದ:

ನಮ್ಮ ಹಿರೇಹಳ್ಳ ನೆನಪಿದೆಯಾ? 2019ರಲ್ಲಿ ಗವಿಮಠದ ಸ್ವಾಮಿಗಳು ತಾವೇ ಹಳ್ಳಕ್ಕೆ ಇಳಿದು ನಿಂತರು, ಸುತ್ತಲ ಊರಿನ ಜನ ಸೇರಿ ಹೂಳು, ಕಸ, ಜಾಲಿ ತೆಗೆದರು. ಕೈಲಾದವರು ಕೈಯಿಂದ, ದುಡ್ಡಿದ್ದವರು ದುಡ್ಡಿಂದ. ಜನರಿಗೆ ಕಣ್ಣಿಗೆ ಕೆಲಸ ಕಂಡರೆ ಕೊಡುತ್ತಾರೆ. ನಿಮ್ಮ 47 ಗಿಡ ಬದುಕಿವೆಯಲ್ಲ, ಅರ್ಜಿ ಕಾಗದ ಆಮೇಲೆ ತೋರಿಸಿ, ಮೊದಲು ಆ ಗಿಡಗಳ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿ.


ಗುಡ್ಡದ ಓಣಿ, ಬಳ್ಳಾರಿ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಎರಡು ದಿನದಲ್ಲಿ ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ.

ಇವತ್ತು ಬೆಳಿಗ್ಗೆ ಕುರಿ ಹಟ್ಟಿಯವರ ಅಪ್ಪನ ಜೊತೆ ಗುಡ್ಡ ಸುತ್ತಿದೆ. ಹುಣಸೆ ಮರದಿಂದ ಪೂರ್ವಕ್ಕೆ ಇರುವ ಪಟ್ಟಿ ಮೊದಲು ತೆಗೆಯೋಣ ಅಂದರು. ಅಲ್ಲಿ ಮಳೆ ನೀರು ಇಳಿದು ಬರುತ್ತದಂತೆ, ಗಿಡ ಬೇಗ ಹಿಡಿಯುತ್ತದಂತೆ. ನಾಲ್ಕು ವರ್ಷದಲ್ಲಿ ನನಗೆ ಅದು ಗೊತ್ತಾಗಿರಲಿಲ್ಲ. ಪಹಣಿಗೆ ನಾಳೆ ಹೋಗುತ್ತೇನೆ. ಸಂಘಕ್ಕೆ ಏಳು ಜನರಲ್ಲಿ ಐದು ಜನ ಸಿಕ್ಕಿದ್ದಾರೆ. ಆರನೆಯವರಾಗಿ ಕೌಲ್‌ಬಜಾರ್ ತಮ್ಮನೇ ಇರಬೇಕು ಅಂತ ನನ್ನ ಆಸೆ, ಏಳನೆಯವರು ಕುರಿ ಹಟ್ಟಿಯವರು. ಪಾಲಿಕೆಯ ಬಜೆಟ್ ಪೂರ್ವಭಾವಿ ಸಭೆಗೆ ಲೆಕ್ಕದ ಅಕ್ಕನ ಕಾಗದ ತೆಗೆದುಕೊಂಡು ಹೋಗೋಣ, ಕನಿಷ್ಠ ಟ್ಯಾಂಕರ್ ನೀರನ್ನಾದರೂ ಕೇಳೋಣ.

ಇದೆಲ್ಲ ಆಗಲು ತಿಂಗಳುಗಳು ಬೇಕು. ಬೇಸಿಗೆ ಕಾಯುವುದಿಲ್ಲ. ಆ 47 ಗಿಡಕ್ಕೆ ಮಾರ್ಚ್‌ನಿಂದ ಜೂನ್‌ವರೆಗೆ ನಾಲ್ಕು ತಿಂಗಳು, ತಿಂಗಳಿಗೆ 3,000ರಂತೆ 12,000 ಬೇಕು. ನಾನು 2,000 ಹಾಕಿದ್ದೇನೆ.


ಬಳ್ಳಾರಿಯಿಂದ ಸಿಯಾಟಲ್:

5,000 ನನ್ನದು. ಗಂಟೆ ಬರೆಯುವ ರಿಜಿಸ್ಟರ್ ಮರೆಯಬೇಡಿ.


ಎನ್‌ಎಸ್‌ಎಸ್ ಮೇಷ್ಟ್ರು:

2,000. ಈ ಭಾನುವಾರ ಆರು ಗಂಟೆಗೆ ಹುಣಸೆ ಮರದ ಹತ್ತಿರ 12 ಮಕ್ಕಳ ಜೊತೆ ಇರುತ್ತೇನೆ. ಹಾರೆ ಎಷ್ಟಿವೆ?


ಕೌಲ್‌ಬಜಾರ್ ಹುಡುಗ:

ನನ್ನ ಹತ್ತಿರ ಎರಡು ಹಾರೆ, ಒಂದು ಪಿಕಾಸಿ ಇದೆ ಸರ್. ಸಂಘಕ್ಕೆ ನನ್ನ ಹೆಸರು ಬರೆಯಿರಿ ಅಣ್ಣ, ಆಧಾರ್ ತರುತ್ತೇನೆ.